ಮುದುಡಿದ ಹವಳಕ್ಕೆ ಔಷಧಕ್ಕಿಂತ ಮೊದಲು ನೀರು

ಮನೆಯ ಉಪ್ಪುನೀರಿನ ಮೀನುತೊಟ್ಟಿಯಲ್ಲಿನ ಲೆದರ್ ಕೋರಲ್ (ತೊಗಲಿನಂಥ ಮೃದು ಹವಳ) ನಾಲ್ಕು ದಿನದಿಂದ ಮುದುಡಿಕೊಂಡಿದೆಯೇ? ಬಾಟಲಿ ಔಷಧ ತರುವ ಮುನ್ನ ಸ್ವಲ್ಪ ತಡೆಯಿರಿ. ಮೃದು ಹವಳಕ್ಕೆ ಕಲ್ಲಿನ ಹಂದರವಿಲ್ಲ. ಮೈಯೊಳಗೆ ನೀರು ತುಂಬಿಕೊಂಡೇ ಅದು ಎದ್ದು ನಿಲ್ಲುತ್ತದೆ, ಹೊರಗಿನ ನೀರು ಒಗ್ಗದಿದ್ದರೆ ಕುಗ್ಗಿಬಿಡುತ್ತದೆ. ಅಲ್ಲದೆ ಲೆದರ್ ಕೋರಲ್ ಆಗಾಗ ಮೇಣದಂಥ ಪೊರೆ ಕಟ್ಟಿಕೊಂಡು, ಅದನ್ನು ಕಳಚಿ, ಒಂದೆರಡು ವಾರದಲ್ಲಿ ಮತ್ತೆ ಅರಳುವುದು ಸಹಜ. ಪೊರೆ ಬೇಗ ಹೋಗಲೆಂದು ನೀರಿನ ಹರಿವು ಸ್ವಲ್ಪ ಹೆಚ್ಚಿಸಿದರೆ ಸಾಕು.

ಬುಡ ಕಪ್ಪಾಗಿ, ಮಾಂಸ ಲೋಳೆಯಾಗಿ ಕಳಚಿ, ಕೊಳೆತ ವಾಸನೆ ಬರುತ್ತಿದ್ದರೆ ಮಾತು ಬೇರೆ. ಅವತ್ತೇ ಕೈಗವಸು ಹಾಕಿಕೊಂಡು ಹವಳವನ್ನು ಹೊರತೆಗೆದು, ತೊಟ್ಟಿಯದೇ ನೀರು ತುಂಬಿದ ಬೇರೆ ಪಾತ್ರೆಯಲ್ಲಿಟ್ಟು, ಹೊಸ ಬ್ಲೇಡಿನಿಂದ ಗಟ್ಟಿ ಮಾಂಸ ಸಿಗುವವರೆಗೂ ಕತ್ತರಿಸಬೇಕು. ಗಾಯದಿಂದ ಸೋರುವ ರಸ ಉಳಿದ ಹವಳಗಳಿಗೆ ಒಳ್ಳೆಯದಲ್ಲ.

ಉಳಿದ ಸಂದರ್ಭಗಳಲ್ಲಿ, ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಮೊದಲ ಅನುಮಾನ ನೀರಿನ ಮೇಲೇ ಇರಬೇಕು. ಮಲಪ್ರಭಾ ನೀರು ಹಲವು ಬಡಾವಣೆಗಳಿಗೆ ದಿನಗಟ್ಟಲೆ ಬಿಟ್ಟು ಬರುತ್ತದೆ. ನಡುವೆ ಬೋರ್ ನೀರು, ಸಂಪಿನ ನೀರು, ಅಡುಗೆಮನೆಯ ಆರ್‌ಓ ನೀರು ಹೀಗೆ ಸಿಕ್ಕಿದ್ದು ತೊಟ್ಟಿಗೆ ಹೋಗುತ್ತದೆ. ಕುಡಿಯುವ ಆರ್‌ಓ ಹವಳಕ್ಕೆ ಸಾಲದು. ರುಚಿಗಾಗಿ ಎಷ್ಟೋ ಯಂತ್ರಗಳು ಆರ್‌ಓದಲ್ಲಿ ಸೋಸಿದ ನೀರಿಗೆ ಅದರಲ್ಲಿ ಸೋಸದ ನೀರನ್ನೇ ಒಂದಿಷ್ಟು ಬೆರೆಸುತ್ತವೆ. ತಾಮ್ರ ಸೇರಿಸುವ ಕಾರ್ಟ್ರಿಜ್ ಇದ್ದರಂತೂ ಆ ನೀರು ಬೇಡವೇ ಬೇಡ: ತಾಮ್ರ ಹವಳ, ಸೀಗಡಿಗಳಿಗೆ ಅತ್ಯಲ್ಪ ಪ್ರಮಾಣದಲ್ಲೂ ವಿಷ. ನಮ್ಮ ಮನೆಗಳ ತಾಮ್ರದ ಹಂಡೆ, ಕೊಡಗಳಲ್ಲಿ ತುಂಬಿಟ್ಟ ನೀರೂ ಅಷ್ಟೇ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಹಿಂದೆಂದೋ ತಾಮ್ರದ ಔಷಧ ಹಾಕಿದ್ದ ತೊಟ್ಟಿಯಲ್ಲಿ ಕಲ್ಲು, ಮರಳು ಅದನ್ನು ಹೀರಿಕೊಂಡು ತಿಂಗಳುಗಟ್ಟಲೆ ಬಿಡುತ್ತಿರಬಹುದು. ಆರ್‌ಓ ನಂತರ ಡಿಐ ರೆಸಿನ್ (ಉಳಿದ ಲವಣಗಳನ್ನು ಹೀರುವ ಹರಳು) ಜೋಡಿಸಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 0 ತೋರಿಸುವ ನೀರನ್ನೇ ಆಹಾರಕ್ಕೆ ಬಳಸುವಂಥ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕೂಡಿಡಿ. ಅಂಕಿ 2-3 ದಾಟಿತೆಂದರೆ ರೆಸಿನ್ ಬದಲಿಸುವ ಹೊತ್ತಾಯಿತು.

ಎರಡನೆಯ ಅನುಮಾನ ಉಪ್ಪಿನದು. ನಮ್ಮ ಏಪ್ರಿಲ್‌ನ ಒಣ ಬಿಸಿಲಿಗೆ ನೀರು ಬೇಗ ಆರುತ್ತದೆ, ಉಪ್ಪು ಆರುವುದಿಲ್ಲ. 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು) ಇದ್ದ 100 ಲೀಟರಿನಲ್ಲಿ 4 ಲೀಟರ್ ಆರಿದರೆ ಲವಣಾಂಶ 36.5ರ ಹತ್ತಿರ ಏರುತ್ತದೆ. ಆರಿದ ಜಾಗಕ್ಕೆ ಉಪ್ಪುನೀರು ಸುರಿಯುವುದು ದೊಡ್ಡ ತಪ್ಪು. ದಿನಾ ಸಿಹಿ ಡಿಐ ನೀರನ್ನೇ ತುಂಬಬೇಕು. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು 35 ಪಿಪಿಟಿ ದ್ರಾವಣದಿಂದಲೇ ಸರಿಹೊಂದಿಸಿ. ಉಷ್ಣತೆ 25-26 ಡಿಗ್ರಿ ಇರಲಿ. 29 ದಾಟುತ್ತಿದ್ದರೆ ನೀರಿನ ಮೇಲೆ ಸಣ್ಣ ಫ್ಯಾನ್ ಹಚ್ಚಿ. ಒಣ ಹವೆಯಲ್ಲಿ ಎರಡು ಮೂರು ಡಿಗ್ರಿ ಇಳಿಯುತ್ತದೆ, ಆದರೆ ನೀರೂ ಬೇಗ ಆರುತ್ತದೆ. ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪ್ ಬೇಕೇ ಬೇಕು.

ನೀರು ಹೊಳೆಯುವಷ್ಟು ಸ್ವಚ್ಛವಾಗಿದ್ದೂ ಹವಳ ಸೊರಗುತ್ತದೆ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಯಾದರೆ ಅದು ಹಸಿದಿದೆ. ನೈಟ್ರೇಟ್ 5-10 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಫಾಸ್ಫೇಟ್ 0.03-0.1 ಪಿಪಿಎಂ ಇರಲಿ. ಕಡಿಮೆಯಿದ್ದರೆ ಮೀನಿಗೆ ಊಟ ಸ್ವಲ್ಪ ಹೆಚ್ಚಿಸಿ.

ಇಕ್ಕಟ್ಟಿನ ತೊಟ್ಟಿಯಲ್ಲಿ ಹವಳಗಳು ಒಂದಕ್ಕೊಂದು ರಾಸಾಯನಿಕ ಬಿಟ್ಟು ಕಾದಾಡುತ್ತವೆ. ಲೆದರ್ ಕೋರಲ್ ಇದರಲ್ಲಿ ಬಲು ಜೋರು. 100 ಲೀಟರಿಗೆ ಮೂರು ದೊಡ್ಡ ಚಮಚ ಸಕ್ರಿಯ ಇದ್ದಿಲನ್ನು ತೊಳೆದು, ಜಾಲರಿ ಚೀಲದಲ್ಲಿ ನೀರು ಹರಿಯುವಲ್ಲಿಡಿ. ಮೂರು ವಾರಕ್ಕೊಮ್ಮೆ ಬದಲಿಸಿ.

ಆಮೇಲೆ ನೀರು ಬದಲಾವಣೆ. 10 ಲೀಟರ್ ಡಿಐ ನೀರಿಗೆ ಸುಮಾರು 370 ಗ್ರಾಂ ರೀಫ್ ಉಪ್ಪು (ಹವಳದ ತೊಟ್ಟಿಗೆಂದೇ ಇರುವ ಸಮುದ್ರದ ಉಪ್ಪಿನ ಮಿಶ್ರಣ) ಹಾಕಿ, ಪಂಪ್ ಬಿಟ್ಟು ಒಂದು ದಿನ ಕಲಕಿ, ಅಳತೆ ನೋಡಿಯೇ ಸುರಿಯಿರಿ. 100 ಲೀಟರಿನ ತೊಟ್ಟಿಗೆ ವಾರಕ್ಕೆ ಇಷ್ಟೇ ಸಾಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದರೆ ಯಾವುದು ಫಲಿಸಿತೆಂದು ತಿಳಿಯುತ್ತದೆ. ಹವಳ ಅರಳಲು ಎರಡು ಮೂರು ವಾರ ಬೇಕಾಗಬಹುದು. ಅಲ್ಲಿಯವರೆಗೆ ಅದರ ಜಾಗ ಬದಲಿಸಬೇಡಿ.