ಬೂಸ್ಟ್ ಲೀಕ್: ಏರಿನಲ್ಲಿ ಮಾತ್ರ ಬಾಯಿ ಬಿಡುವ ಸೋರಿಕೆ

ಬೂಸ್ಟ್ ಅಂದ ಕೂಡಲೇ ನಮ್ಮ ಮನೆಯ ಮಕ್ಕಳಿಗೆ ನೆನಪಾಗುವುದು ಹಾಲಿಗೆ ಹಾಕುವ ಪುಡಿ. ಗ್ಯಾರೇಜಿನಲ್ಲಿ ಅದರ ಅರ್ಥ ಬೇರೆ. ಕಾರವಾರದ ಕಡಲ ದಂಡೆಯಲ್ಲಿ ಸುಮ್ನೆ ನಿಂತರೂ ಗಾಳಿ ನಮ್ಮನ್ನು ಸುಮಾರು 1 ಬಾರ್, ಅಂದರೆ 14.7 ಪಿಎಸ್‌ಐ ಒತ್ತಡದಲ್ಲಿ ಒತ್ತುತ್ತಿರುತ್ತದೆ. ಕಾರಿನ ಟರ್ಬೋ ಅದರ ಮೇಲೆ ಎಷ್ಟು ಒತ್ತಡ ಸೇರಿಸುತ್ತದೋ, ಅಷ್ಟು ಬೂಸ್ಟ್. ಹಾಗೆ ಒತ್ತಿ ಕಳಿಸಿದ ಗಾಳಿ ಎಂಜಿನ್ ಮುಟ್ಟುವ ಮೊದಲೇ ದಾರಿಯಲ್ಲಿ ಸೋರಿದರೆ ಅದು ಬೂಸ್ಟ್ ಲೀಕ್.

ದಾರಿ ಅಂದೆನಲ್ಲ, ಅದು ಹೀಗಿದೆ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಟರ್ಬೋದ ಚಕ್ರ ತಿರುಗಿಸುತ್ತದೆ. ಆ ಚಕ್ರ ಕೂತ ಕಡ್ಡಿಯ ಇನ್ನೊಂದು ತುದಿಯಲ್ಲಿರುವ ಚಕ್ರ, ಫಿಲ್ಟರ್‌ನಿಂದ ಬಂದ ಗಾಳಿಯನ್ನು ಒತ್ತುತ್ತದೆ. ಒತ್ತಿದರೆ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿದವರಿಗೆ ಇದು ಗೊತ್ತು. ಬಿಸಿ ಗಾಳಿ ತೆಳು, ಅದರಲ್ಲಿ ಆಮ್ಲಜನಕ ಕಡಿಮೆ. ಅದಕ್ಕೇ ಮುಂದೆ ಇಂಟರ್‌ಕೂಲರ್ ಇಟ್ಟಿರುತ್ತಾರೆ. ನೋಡಲು ರೇಡಿಯೇಟರ್ ತರಹವೇ. ಒಳಗೆ ಹರಿಯುವುದು ಮಾತ್ರ ಗಾಳಿ. ಟರ್ಬೋದಿಂದ ಇಲ್ಲಿಗೆ, ಇಲ್ಲಿಂದ ಎಂಜಿನ್ನಿಗೆ ದಪ್ಪ ರಬ್ಬರ್ ಹೋಸುಗಳು, ತುದಿಗೊಂದು ಕ್ಲಾಂಪು. ಲೀಕ್ ಆಗುವುದು ಹೆಚ್ಚಾಗಿ ಈ ಹೋಸಿನಲ್ಲಿ, ಇಲ್ಲವೇ ಈ ಜಾಯಿಂಟಿನಲ್ಲಿ.

ಅಡಿಕೆ ತೋಟಕ್ಕೆ ಕೊಳೆ ರೋಗದ ಔಷಧಿ ಹೊಡೆಸಿದವರಿಗೆ ಇನ್ನೂ ಸುಲಭವಾಗಿ ಹೇಳಬಹುದು. ಪಂಪು ಮೆಲ್ಲಗೆ ಓಡುವಾಗ ಪೈಪಿನ ಜಾಯಿಂಟು ಒಣಗಿಯೇ ಇರುತ್ತದೆ. ಪ್ರೆಶರ್ ಏರಿತೋ, ಕೆಳಗೆ ಪೈಪು ಹಿಡಿದವನ ಅಂಗಿಯೆಲ್ಲ ಮೈತುತ್ತದ ನೀಲಿ. ಮೇಲೆ ಮರದಲ್ಲಿದ್ದವನ ಔಷಧಿ ಅಡಿಕೆ ಕೊನೆಗೇ ಮುಟ್ಟುವುದಿಲ್ಲ. ಪಂಪಿನಲ್ಲಿ ದೋಷವೇ ಇಲ್ಲ, ಅಲ್ವಾ?

ನನ್ನ ಡೀಸೆಲ್ ಕಾರು ಇದನ್ನೇ ಮಾಡಿತು. ಕುಮಟಾದಿಂದ ಕತಗಾಲದವರೆಗೆ ಏನೂ ತಕರಾರಿಲ್ಲ. ದೇವಿಮನೆ ಘಟ್ಟದ ಏರು ಶುರುವಾದದ್ದೇ ಎಳೆತ ಸತ್ತಿತು. ಥರ್ಡ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಬಾನೆಟ್ ಒಳಗಿಂದ ಸುಸ್ಸ್ ಅನ್ನುವ ಸದ್ದು, ಕನ್ನಡಿಯಲ್ಲಿ ಕಪ್ಪು ಹೊಗೆ. ಒಂದು ಗ್ಯಾರೇಜಿನವರು ಟರ್ಬೋ ಹೋಗಿದೆ, ಬದಲಿಸಬೇಕು ಅಂದರು. ಶಿರಸಿಯಲ್ಲಿ ಹಳಬರೊಬ್ಬರು ಏನೂ ಹೇಳದೆ ಹೋಸಿನ ಅಡಿಗೆ ಕೈ ಹಾಕಿದರು. ಬೆರಳಿಗೆ ಕಪ್ಪು ಆಯಿಲ್ ಅಂಟಿತ್ತು. ಹೋಸನ್ನು ಮಡಚಿ ತೋರಿಸಿದರು. ಕೆಳಮಗ್ಗುಲಲ್ಲಿ ಒಂದಿಂಚು ಸೀಳು. ಬಿಟ್ಟ ಕೂಡಲೇ ಮತ್ತೆ ಮುಚ್ಚಿಕೊಂಡಿತು. "ನಿಂತಲ್ಲಿ ಇದು ಬಾಯಿ ಬಿಡೂದಿಲ್ಲ ಮಾರಾಯ್ರೆ, ಏರಿಗೆ ಬಿದ್ರೆ ಬಿಡ್ತದೆ" ಅಂದರು.

ಕಪ್ಪು ಹೊಗೆ ಯಾಕೆ? ಗಾಳಿ ಅಳೆಯುವ ಸೆನ್ಸರ್ ಟರ್ಬೋಗಿಂತ ಮೊದಲೇ ಇರುತ್ತದೆ. ಒಳಗೆ ಬಂದ ಗಾಳಿಯನ್ನು ಅದು ಲೆಕ್ಕ ಹಾಕಿಯಾಗಿದೆ. ಕಾರಿನ ಕಂಪ್ಯೂಟರ್ ಅದಕ್ಕೆ ತಕ್ಕ ಡೀಸೆಲ್ ಕೊಟ್ಟೂ ಆಗಿದೆ. ನಡುವೆ ಗಾಳಿ ತಪ್ಪಿಸಿಕೊಂಡರೆ ಡೀಸೆಲ್ ಅರೆಬರೆ ಉರಿಯುತ್ತದೆ. ಬೇಕಾದ ಒತ್ತಡ ಬರುತ್ತಿಲ್ಲ ಅಂತ ಕಂಪ್ಯೂಟರ್ ಟರ್ಬೋವನ್ನು ಇನ್ನೂ ಜೋರಾಗಿ ತಿರುಗಿಸುತ್ತದೆ. ಹಾಗಾಗಿ ಲೀಕನ್ನು ತಿಂಗಳುಗಟ್ಟಲೆ ಬಿಟ್ಟರೆ ಚೆನ್ನಾಗಿದ್ದ ಟರ್ಬೋ ಕೂಡ ಸವೆಯುತ್ತದೆ. ಸ್ಕ್ಯಾನರ್ ಹಾಕಿದರೆ ಸಾಮಾನ್ಯವಾಗಿ ಪಿ0299 ಅನ್ನುವ ಕೋಡ್ ಸಿಗುತ್ತದೆ. ಅದು ಬೂಸ್ಟ್ ಕಡಿಮೆ ಇದೆ ಅಂತ ಮಾತ್ರ ಹೇಳುತ್ತದೆ, ಟರ್ಬೋ ಬದಲಿಸಿ ಅಂತ ಹೇಳುವುದಿಲ್ಲ.

ಸೋರುವ ಜಾಗ ಹುಡುಕುವ ಕ್ರಮ ಟ್ಯೂಬ್ ಪಂಕ್ಚರ್ ಹುಡುಕಿದಂತೆಯೇ. ಎಂಜಿನ್ ಬಂದ್ ಮಾಡಿ, ಟರ್ಬೋದ ಬಾಯಿಗೆ ಮುಚ್ಚಳ ಬಿಗಿದು, ಅದರ ವಾಲ್ವಿನಿಂದ ಮೆಲ್ಲಗೆ ಗಾಳಿ ತುಂಬಬೇಕು. ಕಾರಿನ ಮಾಮೂಲಿ ಬೂಸ್ಟ್ ದಾಟಬಾರದು. ಅವಸರ ಮಾಡಿದರೆ ಮುಚ್ಚಳವೇ ಹಾರೀತು. ಆಮೇಲೆ ಜಾಯಿಂಟಿಗೆಲ್ಲ ಸೋಪಿನ ನೀರು. ಗುಳ್ಳೆ ಎದ್ದಲ್ಲಿ ಕಳ್ಳ. ಎಂಜಿನ್ ಒಳಗಿಂದ ಸಣ್ಣಗೆ ಗಾಳಿ ಹೋಗುವ ಸದ್ದು ಬಂದರೆ ಹೆದರಬೇಡಿ. ಅಲ್ಲಿ ಯಾವುದೋ ಒಂದು ವಾಲ್ವ್ ತೆರೆದೇ ಇರುತ್ತದೆ.

ಸೀಳಿದ ಹೋಸಿಗೆ ಹೊಸ ಹೋಸೇ ಮದ್ದು. ಟೇಪು ಸುತ್ತಿದರೆ ಶಾಖಕ್ಕೂ ಆಯಿಲ್‌ಗೂ ಬಿಟ್ಟುಕೊಳ್ಳುತ್ತದೆ. ಜಾಯಿಂಟು ಜಾರಿದ್ದರೆ ಎರಡೂ ಕಡೆ ಆಯಿಲ್ ಒರೆಸಿ ಒಣಗಿಸಿ, ಪೈಪಿನ ತುದಿಯ ಉಬ್ಬು ದಾಟಿಸಿ ಹೋಸ್ ತೂರಿಸಿ, ಕ್ಲಾಂಪನ್ನು ಉಬ್ಬಿನ ಹಿಂದೆ ಕೂರಿಸಬೇಕು. ಉಬ್ಬಿನ ಮೇಲೆಯೇ ಬಿಗಿದರೆ ಮುಂದಿನ ಘಟ್ಟದಲ್ಲಿ ಮತ್ತೆ ಜಾರುತ್ತದೆ. ಜಾಸ್ತಿ ಬಿಗಿದರೆ ರಬ್ಬರೇ ಕತ್ತರಿಸುತ್ತದೆ. ಕೆಲವು ಕಾರುಗಳಲ್ಲಿ ಕ್ಲಾಂಪಿನ ಬದಲು ಕ್ಲಿಪ್ ಮತ್ತು ಒಳಗೊಂದು ರಬ್ಬರ್ ಬಳೆ, ಅಂದರೆ ಓ-ರಿಂಗ್ ಇರುತ್ತದೆ. ಆ ರಿಂಗ್ ಚಪ್ಪಟೆಯಾಗಿದ್ದರೆ ಅದನ್ನಷ್ಟೇ ಬದಲಿಸಿದರೂ ಆದೀತು. ಕಡಲ ಬದಿಯವರು ಕ್ಲಾಂಪಿನ ತುಕ್ಕನ್ನೂ ನೋಡಿಕೊಳ್ಳಬೇಕು. ಕೊಟ್ಟಿಗೆ ಪಕ್ಕ ಕಾರು ನಿಲ್ಲಿಸುವ ನಮ್ಮಂಥವರು ಇಲಿಯ ಹಲ್ಲಿನ ಗುರುತನ್ನೂ.

ಪೆಟ್ರೋಲ್ ಕಾರಿನ ವ್ಯಾಕ್ಯೂಮ್ ಲೀಕನ್ನು ಇದರೊಂದಿಗೆ ಕಲಸಬೇಡಿ. ಅಲ್ಲಿ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ, ಇಲ್ಲಿ ಒಳಗಿನದು ಹೊರಗೆ ಹೋಗುತ್ತದೆ. ಗ್ಯಾರೇಜಿನಲ್ಲಿ ಬೂಸ್ಟ್ ಲೀಕ್ ಅನ್ನುವ ಹೆಸರು ತಿಳಿಯದಿದ್ದರೆ "ಟರ್ಬೋ ಪೈಪಲ್ಲಿ ಗಾಳಿ ಹೋಗ್ತಾ ಇದೆ, ಏರಿನಲ್ಲಿ ಮಾತ್ರ" ಅನ್ನಿ. ಆ ಕೊನೆಯ ಎರಡು ಪದ ಮರೆಯದೆ ಹೇಳಿ.