ಪಾರ್ಕಿಂಗ್ ಮೇಲಿನ ಮನೆಗೆ ಯಾಕಷ್ಟು ತಣ್ಣಗಿನ ನೆಲ?

ಧನುರ್ಮಾಸದ ಬೆಳಗ್ಗೆ ಬೆಂಗಳೂರಿನ ಎಷ್ಟೋ ಫಸ್ಟ್ ಫ್ಲೋರ್ ಮನೆಗಳಲ್ಲಿ ಮಂಚದಿಂದ ಕಾಲು ಕೆಳಗಿಟ್ಟರೆ ಮೈ ಜುಮ್ಮೆನ್ನುತ್ತದೆ. ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ಅಷ್ಟು ಕೊರೆಯುವುದಿಲ್ಲ. ಅಲ್ಲಿ ನೆಲದ ಕೆಳಗಿರುವುದು ಇನ್ನೊಬ್ಬರ ಬೆಚ್ಚಗಿನ ಮನೆ. ಫಸ್ಟ್ ಫ್ಲೋರಿನವರ ಕೆಳಗಿರುವುದು ಸ್ಟಿಲ್ಟ್ ಪಾರ್ಕಿಂಗ್. ಕಂಬಗಳ ನಡುವೆ ರಾತ್ರಿಯಿಡೀ 15-16 ಡಿಗ್ರಿಯ ಗಾಳಿ ಓಡಾಡುತ್ತಿರುತ್ತದೆ. ಬನಶಂಕರಿಯಿಂದ ವಿಜಯನಗರದವರೆಗೆ 30 ಅಡಿಗೆ 40 ಅಡಿ ಸೈಟಿನಲ್ಲಿ ಎದ್ದ ಎಷ್ಟೋ ಮನೆಗಳ ಕಥೆ ಇದೇ.

ನೆಲ ತಣ್ಣಗಿದೆ ಅಂದಾಗ ಎರಡು ಬೇರೆ ಬೇರೆ ವಿಷಯ ಸೇರಿಕೊಂಡಿರುತ್ತವೆ. ಒಂದು, ಕಾಲಿಗೆ ಏನು ಅನ್ನಿಸುತ್ತದೆ ಅನ್ನುವುದು. ಇನ್ನೊಂದು, ಕೋಣೆಯ ಶಾಖ ನಿಜಕ್ಕೂ ಎಷ್ಟು ಹೊರಗೆ ಹೋಗುತ್ತಿದೆ ಅನ್ನುವುದು.

ಮೊದಲನೆಯದಕ್ಕೆ ಊಟದ ಮಣೆ ಸಾಕು. ಗ್ರಾನೈಟ್ ನೆಲದ ಮೇಲೆ ಮರದ ಮಣೆ ರಾತ್ರಿಯೆಲ್ಲ ಇದ್ದರೆ ಬೆಳಗ್ಗೆ ಎರಡೂ ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿರುತ್ತವೆ, 20 ಡಿಗ್ರಿ ಅಂದುಕೊಳ್ಳಿ. ನಿಮ್ಮ ಪಾದ 32 ಡಿಗ್ರಿ ಇದೆ. ಮಣೆ ಮೇಲೆ ಕಾಲಿಟ್ಟ ಕೂಡಲೇ ಚರ್ಮ ಮತ್ತು ಮರ ತಾಗುವ ಜಾಗ ಸುಮಾರು 29 ಡಿಗ್ರಿಗೆ ನಿಲ್ಲುತ್ತದೆ. ಗ್ರಾನೈಟ್ ಮೇಲಿಟ್ಟರೆ ಅದೇ ಜಾಗ 24ಕ್ಕೆ ಇಳಿಯುತ್ತದೆ. ಕಲ್ಲು ಪಾದದ ಶಾಖವನ್ನು ಸರಸರ ಎಳೆದುಕೊಂಡು ಒಳಗೆ ಹರಡುತ್ತದೆ, ಮರಕ್ಕೆ ಆ ವೇಗ ಇಲ್ಲ. ಚರ್ಮಕ್ಕೆ ಗೊತ್ತಾಗುವುದು ತಾಗುವ ಜಾಗದ ಉಷ್ಣತೆ ಮಾತ್ರ. ಬರಿ ನೆಲದ ಮೇಲೆ ಕೂರಬೇಡ ಅಂತ ಅಜ್ಜಿಯರು ಹೇಳುತ್ತಿದ್ದದ್ದರಲ್ಲಿ ಈ ಲೆಕ್ಕವೂ ಇತ್ತು. ಚಳಿ ತಡೆಯುವುದಷ್ಟೇ ಬೇಕಿದ್ದರೆ ಚಾಪೆ, ಜಮಖಾನ ಹಾಸಿ. ದುಡ್ಡು ಸುರಿಯುವ ಅಗತ್ಯವೇ ಇಲ್ಲ.

ಎರಡನೆಯದು ಚಾಪೆಗೆ ಬಗ್ಗುವುದಿಲ್ಲ. 10 ಅಡಿಗೆ 12 ಅಡಿ ಕೋಣೆ, ಒಳಗೆ 22 ಡಿಗ್ರಿ, ಕೆಳಗೆ 16 ಡಿಗ್ರಿ ಅಂತ ಇಟ್ಟುಕೊಂಡು ನಾನು ಲೆಕ್ಕ ಹಾಕಿ ನೋಡಿದೆ. ಆರು ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಮೂಲಕ ಸುಮಾರು 190 ವ್ಯಾಟ್ ಶಾಖ ಕೆಳಗಿಳಿಯುತ್ತದೆ. ಸ್ಲ್ಯಾಬಿನ ತಳಕ್ಕೆ ಎರಡು ಇಂಚು ರಾಕ್‌ವೂಲ್, ಅಂದರೆ ಕಲ್ಲಿನ ಎಳೆಗಳ ಹಾಸು, ಹಾಕಿದರೆ ಅದು 40 ವ್ಯಾಟ್‌ಗಿಂತ ಕೆಳಗೆ ಬರುತ್ತದೆ. ಎಳೆಗಳ ನಡುವೆ ಅಲ್ಲಾಡದೆ ಸಿಕ್ಕಿಕೊಂಡ ಗಾಳಿಯೇ ಈ ಕೆಲಸ ಮಾಡುವುದು. ಅದಕ್ಕೇ ರಾಕ್‌ವೂಲ್ ಸ್ಲ್ಯಾಬಿಗೆ ಒತ್ತಿಕೊಂಡು ಕೂರಬೇಕು. ಮಧ್ಯೆ ಸಂದು ಉಳಿದು ಅದರಲ್ಲಿ ಹೊರಗಿನ ಗಾಳಿ ನುಗ್ಗಿದರೆ ಹಾಕಿದ್ದೆಲ್ಲ ದಂಡ. ಬೀಮ್‌ಗಳನ್ನೂ ಬಿಡಬಾರದು. ಕಾಂಕ್ರೀಟಿನಲ್ಲಿ ಶಾಖ ರಾಕ್‌ವೂಲಿಗಿಂತ ನಲವತ್ತು ಪಟ್ಟು ಸಲೀಸಾಗಿ ಹರಿಯುತ್ತದೆ. ಸ್ಲ್ಯಾಬ್ ಮುಚ್ಚಿ ಬೀಮ್ ಬಿಟ್ಟರೆ ಶಾಖ ಅಲ್ಲಿಂದ ಇಳಿಯುತ್ತದೆ.

ಅಮೆರಿಕದ ಲೂಯಿಸಿಯಾನಾದಲ್ಲಿ ಪ್ರವಾಹಕ್ಕೆ ಹೆದರಿ ಮನೆಗಳನ್ನು ಗಿಡ್ಡ ಕಂಬಗಳ ಮೇಲೆ ಎತ್ತಿ ಕಟ್ಟುತ್ತಾರೆ. ಅಲ್ಲಿ ಚಳಿಗಿಂತ ತೇವದ ಕಾಟ ಜಾಸ್ತಿ. ಬೇಸಿಗೆಯಲ್ಲಿ ಎಸಿಯಿಂದ ಮರದ ನೆಲ ತಣ್ಣಗಾಗಿರುತ್ತದೆ. ಕೆಳಗಿನ ಬಿಸಿ, ತೇವದ ಗಾಳಿ ನೆಲದಡಿ ಹಾಕಿದ ಗ್ಲಾಸ್‌ವೂಲ್ (ಗಾಜಿನ ಎಳೆಗಳ ಹಾಸು) ದಾಟಿ ಆ ತಣ್ಣನೆಯ ಮರಕ್ಕೆ ತಾಗಿದರೆ ಮರ ನೀರು ಕುಡಿಯುತ್ತದೆ. ವರ್ಷಗಟ್ಟಲೆ ಹೀಗಾದರೆ ಕೊಳೆಯುತ್ತದೆ. ಅದಕ್ಕೆ ಅಲ್ಲಿ ನೀರಾವಿ ದಾಟದ, ಹಾಳೆ ಅಂಟಿಸಿದ ಫೋಮ್ ಬೋರ್ಡನ್ನು ಕೆಳಗಿನಿಂದ ಹೊಡೆದು ಸಂದುಗಳಿಗೆ ಟೇಪ್ ಹಾಕುತ್ತಾರೆ. ನಮ್ಮದು ಕಾಂಕ್ರೀಟ್, ಕೊಳೆಯುವುದಿಲ್ಲ. ಹಗಲೂ ರಾತ್ರಿ ಎಸಿ ಹಾಕುವ ಮನೆಗಳೂ ಇಲ್ಲಿ ಕಡಿಮೆ.

ಹಾಗಾದರೆ ಸ್ಲ್ಯಾಬಿನ ತಳಕ್ಕೆ ಹೀಗೆ ಶಾಖ ತಡೆಯುವ ಇನ್ಸುಲೇಷನ್ ಬೆಂಗಳೂರಿಗೆ ಬೇಕಾ? ಹೆಚ್ಚಿನ ಮನೆಗಳಿಗೆ ಬೇಡ ಅಂತಲೇ ನನ್ನ ಅಭಿಪ್ರಾಯ. ಚಳಿ ಇರುವುದು ಎರಡು ತಿಂಗಳು. ಶಿವರಾತ್ರಿ ಕಳೆದು ಏಪ್ರಿಲ್ ಬಂದರೆ ಅದೇ ನೆಲ ವರದಾನ. ಪಾರ್ಕಿಂಗ್ ನೆರಳಲ್ಲಿರುವುದರಿಂದ ಸ್ಲ್ಯಾಬಿನ ತಳಕ್ಕೆ ಬಿಸಿಲು ಬೀಳುವುದಿಲ್ಲ. ಹಗಲು ಕೋಣೆಯಿಂದ ಹೀರಿದ ಶಾಖವನ್ನು ಸ್ಲ್ಯಾಬ್ ರಾತ್ರಿ ಕೆಳಗಿನ ತಂಪು ಗಾಳಿಗೆ ಬಿಟ್ಟುಕೊಡುತ್ತದೆ. ಮಧ್ಯಾಹ್ನ ಬರಿ ನೆಲದ ಮೇಲೆ ಮಲಗಿದರೆ ಸಿಗುವ ಸುಖ ಅಲ್ಲಿಂದ ಬರುವುದು. ತಳಕ್ಕೆ ಇನ್ಸುಲೇಷನ್ ಹಾಕಿದರೆ ಆ ದಾರಿ ಬಹುಪಾಲು ಮುಚ್ಚಿಹೋಗುತ್ತದೆ. ಹಸುಗೂಸು, ವಯಸ್ಸಾದವರು ಇರುವ ಕೋಣೆಗೆ ಹೀಟರ್ ಹಾಕಲೇಬೇಕಾದ ಮನೆಗಳ ಮಾತು ಬೇರೆ. ಅಲ್ಲಿ ಆ ಒಂದು ಕೋಣೆಯ ತಳಕ್ಕೆ ಮಾತ್ರ ಹಾಕಿಸಿದರೂ ಸಾಕು.

ಹಾಕಿಸುವವರು ಅಗ್ಗ ಅಂತ ಥರ್ಮೋಕೋಲ್ ಅಂಟಿಸಬೇಡಿ, ದಯವಿಟ್ಟು. ಕೆಳಗೆ ಪೆಟ್ರೋಲ್ ತುಂಬಿದ ಗಾಡಿಗಳಿವೆ, ಈಗ ಚಾರ್ಜಿಂಗ್ ಪಾಯಿಂಟ್‌ಗಳೂ ಬಂದಿವೆ. ಥರ್ಮೋಕೋಲ್ 100 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಬೆಂಕಿ ತಾಗಿದರೆ ದಟ್ಟ ಕಪ್ಪು ಹೊಗೆ ಉಗುಳುತ್ತದೆ. ರಾಕ್‌ವೂಲ್ ಕಲ್ಲು ಕರಗಿಸಿ ಎಳೆದ ನೂಲು, ಉರಿಯುವುದಿಲ್ಲ. ಅದಕ್ಕೆ ಅಡಿಯಿಂದ ಸಿಮೆಂಟ್ ಬೋರ್ಡ್ ಕೊಟ್ಟು ಸ್ಕ್ರೂ ಹೊಡೆಸಿ. ಬಾತ್‌ರೂಮ್ ಕೆಳಗಿನ ಪೈಪ್ ಜಾಯಿಂಟ್‌ಗಳನ್ನು ಮಾತ್ರ ಮುಚ್ಚದೆ ಹಾಗೇ ಬಿಡಿಸಿ. ಲೀಕ್ ಶುರುವಾದರೆ ಮೊದಲ ದಿನವೇ ಕಣ್ಣಿಗೆ ಬೀಳಬೇಕು. ನೀರು ಕುಡಿದ ರಾಕ್‌ವೂಲ್ ಶಾಖ ತಡೆಯುವುದಿಲ್ಲ, ಜೊತೆಗೆ ಸ್ಲ್ಯಾಬಿನ ಕಂಬಿಗೂ ತುಕ್ಕು ಹಿಡಿಸುತ್ತದೆ.