ನೋಂದಣಿ ಇಲ್ಲದ ಡಾವೊ ಮೇಲೆ ಕೇಸು ಬಿದ್ದರೆ ಯಾರು ಹೊಣೆ?

ಡಾವೊ ಅಂದರೆ ಟೋಕನ್ (ವೋಟಿನ ಹಕ್ಕು ಕೊಡುವ ಡಿಜಿಟಲ್ ನಾಣ್ಯ) ಇರುವವರೆಲ್ಲ ವೋಟು ಹಾಕಿ ನಡೆಸುವ ಕ್ರಿಪ್ಟೊ ಕೂಟ. ಎಂಡಿ ಇಲ್ಲ, ಆಫೀಸಿಲ್ಲ, ನಿಯಮವೆಲ್ಲ ಕೋಡಿನಲ್ಲಿ. ಸರಿ, ಕೇಸು ಹಾಕುವವರು ಯಾರ ಮೇಲೆ ಹಾಕಬೇಕು? ಈ ಪ್ರಶ್ನೆ ಹಿಡಿದುಕೊಂಡು ಓದಿದರೆ ಉಳಿದದ್ದು ಸಲೀಸು.

ಊಕಿ ಡಾವೊ ಕೇಸನ್ನು ಚೆನ್ನಾಗಿ ಓದಿಕೊಳ್ಳಿ. ಸಾಲ ತೆಗೆದು ಕ್ರಿಪ್ಟೊ ವ್ಯಾಪಾರ ಮಾಡುವ ಒಂದು ಸಾಫ್ಟ್‌ವೇರನ್ನು ಅಮೆರಿಕದ ಕಂಪನಿಯೊಂದು ನಡೆಸುತ್ತಿತ್ತು. 2021ರಲ್ಲಿ ಅದರ ಹಿಡಿತವನ್ನು ಡಾವೊಗೆ ಬಿಟ್ಟುಕೊಟ್ಟಿತು, ಇನ್ನು ಸರ್ಕಾರದ ಕೈಗೆ ಸಿಗಲ್ಲ ಅನ್ನೋ ಲೆಕ್ಕಾಚಾರದಲ್ಲಿ. 2022ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ವಾಯಿದಾ ವ್ಯಾಪಾರದ ನಿಯಂತ್ರಕ ಸಿಎಫ್‌ಟಿಸಿ ಡಾವೊ ಮೇಲೇ ಕೇಸು ಹಾಕಿತು. ನೋಟಿಸ್ ಕೊಡೋಕೆ ವಿಳಾಸವೇ ಇಲ್ವಲ್ಲ, ವೆಬ್‌ಸೈಟಿನ ಸಹಾಯ ಚಾಟ್‌ಬಾಕ್ಸಿಗೇ ದಾಖಲೆ ಹಾಕಿದರು, ಸದಸ್ಯರು ಚರ್ಚೆ ಮಾಡುವ ಜಾಗದಲ್ಲೂ ಹಾಕಿದರು. ನೋಟಿಸ್ ಮುಟ್ಟಿದೆ ಅಂತ ಕೋರ್ಟೂ ಒಪ್ಪಿತು. ಡಾವೊ ಪರವಾಗಿ ಯಾರೂ ಹಾಜರಾಗಲಿಲ್ಲ. 2023ರ ಜೂನ್‌ನಲ್ಲಿ 6,43,542 ಡಾಲರ್ ದಂಡ ಬಿತ್ತು.

ಇಲ್ಲೊಂದು ಕಿರಿಕ್ ಇದೆ. ಸಿಎಫ್‌ಟಿಸಿ ಪ್ರಕಾರ ವೋಟು ಹಾಕಿದವರೇ ಸದಸ್ಯರು. ಟೋಕನ್ ಇಟ್ಟುಕೊಂಡು ಸುಮ್ನೆ ಕೂತವರು ಬಚಾವ್! ಸಿಎಫ್‌ಟಿಸಿಯದೇ ಆಗಿನ ಕಮಿಷನರ್ ಸಮ್ಮರ್ ಮರ್ಸಿಂಗರ್ ಇದಕ್ಕೆ ಲಿಖಿತವಾಗಿ ವಿರೋಧ ಹೇಳಿದರು. ನನಗೂ ಅವರ ಮಾತೇ ಸರಿ ಅನಿಸುತ್ತದೆ, ಹೀಗಾದರೆ ವೋಟು ಹಾಕೋಕೆ ಯಾರು ಬರ್ತಾರೆ ಹೇಳಿ?

ಪಾಲುದಾರಿಕೆ ಕಾನೂನು ಇನ್ನೂ ಬಿಗಿ. ಲಾಭಕ್ಕಾಗಿ ಸೇರಿ ವ್ಯವಹಾರ ಮಾಡಿದರೆ ಸಾಕು, ಪತ್ರ ಬರೆದುಕೊಳ್ಳದಿದ್ದರೂ ಪಾಲುದಾರರು ಅಂತಲೇ ಲೆಕ್ಕ. ನಮ್ಮ 1932ರ ಪಾಲುದಾರಿಕೆ ಕಾಯ್ದೆಯ 25ನೇ ಸೆಕ್ಷನ್‌ನಲ್ಲೂ ಸಂಸ್ಥೆ ಮಾಡಿದ ಕೆಲಸಕ್ಕೆ ಪ್ರತಿ ಪಾಲುದಾರನೂ ಪೂರ್ತಿ ಹೊಣೆ. 2024ರ ನವೆಂಬರ್‌ನಲ್ಲಿ ಲೈಡೊ ಎಂಬ ಇನ್ನೊಂದು ಡಾವೊ ಕೇಸಿನಲ್ಲಿ ದೊಡ್ಡ ಹೂಡಿಕೆದಾರರನ್ನೂ ಪಾಲುದಾರರು ಅಂತ ಕೇಸಿಗೆ ಎಳೆಯಬಹುದು ಎಂದು ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟ್ ಹೇಳಿತು. ಅಂತಿಮ ತೀರ್ಪಲ್ಲ, ಕೇಸು ಮುಂದುವರಿಯಲಿ ಅಂದದ್ದು ಅಷ್ಟೇ. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಈ ವ್ಯತ್ಯಾಸ ಬಿಡಬೇಡಿ.

ಹಾಗಾದರೆ ನೋಂದಣಿ ಮಾಡಿಸಿದರೆ ವಿಕೇಂದ್ರೀಕರಣ, ಅಂದರೆ ಹಿಡಿತ ಒಬ್ಬರ ಕೈಯಲ್ಲಿ ಇರದಿರುವುದು, ಹೋಯ್ತಾ? ಇಲ್ಲ. ಅಮೆರಿಕದ ವಯೋಮಿಂಗ್ ರಾಜ್ಯ 2021ರಲ್ಲಿ ಡಾವೊಗೆ ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ರೂಪ ಕೊಟ್ಟಿತು. 2024ರ ಜುಲೈನಿಂದ ಅಲ್ಲೇ ಡೂನಾ ಎಂಬ ಇನ್ನೊಂದು, ಲಾಭರಹಿತ ಸಂಘದ ರೂಪ ಜಾರಿಗೆ ಬಂತು. ಇದಕ್ಕೆ ಕನಿಷ್ಠ 100 ಸದಸ್ಯರು ಬೇಕು. ಆಸ್ತಿ, ಒಪ್ಪಂದ, ಕೇಸು ಎಲ್ಲ ಕೂಟದ ಹೆಸರಲ್ಲೇ, ಸದಸ್ಯರ ಸ್ವಂತ ಜೇಬಿಗೆ ಕೈ ಬರಲ್ಲ. ತೀರ್ಮಾನ ಟೋಕನ್ ವೋಟಿನಿಂದಲೇ ಆಗಬಹುದು. ಆದರೆ ಲಾಭವನ್ನು ಡಿವಿಡೆಂಡ್ ಥರ ಹಂಚುವಂತಿಲ್ಲ, ಮಾಡಿದ ಕೆಲಸಕ್ಕೆ ನ್ಯಾಯವಾದ ಸಂಭಾವನೆ ಕೊಡಬಹುದು. ಲಾಭದ ಆಸೆಗೇ ಟೋಕನ್ ಕೊಂಡವರಿಗೆ ಇದು ರುಚಿಸಲ್ಲ ಬಿಡಿ. ಜೊತೆಗೆ ತೆರಿಗೆ ಲೆಕ್ಕ ಸಲ್ಲಿಸಬೇಕು, ಅದಕ್ಕೆ ಸಹಿ ಹಾಕೋಕೆ ಹೆಸರು, ವಿಳಾಸ ಇರುವ ಒಬ್ಬ ಮನುಷ್ಯನಂತೂ ಬೇಕೇ ಬೇಕು.